ಪುಕ್ಕಟೆ ಪಂಚಾಂಗದ ಪರೀಕ್ಷಕರು

ಹಣ ತೆತ್ತು ಕೊಂಡ ಪದಾರ್ಥದಲ್ಲಿ ದೋಷವಿದ್ದರೆ ನಮ್ಮ ಜನ ಅದನ್ನು ಆದಷ್ಟು ಮುಚ್ಚಿಡುತ್ತಾರೆ; ಮೋಸಹೋದೆನೆಂದು ನಾಲ್ಕು ಮಂದಿಯೆದುರು ಒಪ್ಪಿಕೊಳ್ಳುವುದು ಯಾರಿಗೆ ತಾನೆ ಪ್ರಿಯ? ಪುಕ್ಕಟೆಯಾಗಿ ಕೈಗೆ ಬಂದ ಪದಾರ್ಥದ ಮಾತೇ ಬೇರೆ. ಅಲ್ಲಿ ಮನುಷ್ಯನ ವಿಮರ್ಶನಶಕ್ತಿಗೆ ಅಂಕುಶವೆಂಬುದಿಲ್ಲ. ಈ ಪಂಥದ ಅನುಯಾಯಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರಾದರೂ, ನನ್ನ ಪಾಲಿಗೆ ಬಂದವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೆಂಬ ನಾಲ್ಕು ತಾಲ್ಲೂಕು ಕಚೇರಿಗಳ ಕುರ್ಚಿಗಳನ್ನು ಸರದಿಯಂತೆ ಸವೆಸಿ, ನಿವೃತ್ತರಾದ ತರುವಾಯ ಏಳುಸುತ್ತಿನ ಕೋಟೆಯ ತಪ್ಪಲಿನಲ್ಲಿ, ನಮ್ಮ ಬೀದಿಯಲ್ಲಿಯೇ, ನೆಲೆನಿಂತಿರುವ ಶಿರಸ್ತೇದಾರರು.

ಜನವರಿ ಬಂತೆಂದರೆ ಅವರಿಗೆ ಪರ್ವಕಾಲ. ಸೇವಾವಧಿಯ ಪರಿಚಯಗಳನ್ನೆಲ್ಲ ನವೀಕರಿಸಿಕೊಂಡು, ಅಂಗಡಿ ಅಂಗಡಿಯಿಂದ ಸುರುಳಿ ಸುತ್ತಿದ ಕ್ಯಾಲೆಂಡರುಗಳನ್ನು ಕಂಕುಳಲ್ಲಿರಿಸಿಕೊಂಡು ಬಂದು, ಜಗಲಿಯ ಮೇಲೆ ಹರಡಿ, ಒಂದೊಂದಕ್ಕೂ ಷರಾ ಬರೆಯುತ್ತಾರೆ. ದುರ್ಗದ ಜವಳಿ ಅಂಗಡಿಯ ಲಕ್ಷ್ಮಿಗೆ ಸಿನಿಮಾದವಳ ಮುಖ. ಹಿರಿಯೂರಿನ ಗೊಬ್ಬರದಂಗಡಿಯದು ತೆಳು ಕಾಗದ, ಜನವರಿಯಲ್ಲಿಯೇ ಫೆಬ್ರವರಿ ಇಣುಕುತ್ತದೆ. ಹೊಸದುರ್ಗದ ತೆಂಗಿನಕಾಯಿ ವರ್ತಕನದರಲ್ಲಿ ತಾರೀಖು ಸಣ್ಣದು, ವರ್ತಕನ ಹೆಸರು ದೊಡ್ಡದು. ಹೊಳಲ್ಕೆರೆಯ ಅಡಿಕೆ ಮಂಡಿಯವರು ಬಯಲು ಗಣಪತಿಯ ಚಿತ್ರ ಹಾಕಿಸಿ ಭಕ್ತಿಯಿಂದ ಕೊಟ್ಟದ್ದಕ್ಕೂ, ಮೊಳೆಗೆ ಸಿಕ್ಕಿಸುವ ತಗಡಿನ ಪಟ್ಟಿ ಒಂದು ಕಡೆ ಬಾಯಿ ಬಿಟ್ಟಿದೆಯೆಂದು ಆಕ್ಷೇಪಣೆ. ಇಷ್ಟಾದರೂ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುವ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನ ಮೇಲೆ ಒಂದು ಚಕಾರವೂ ಇಲ್ಲ. ಅದನ್ನು ಅವರು ದುಡ್ಡು ಕೊಟ್ಟು ತರುತ್ತಾರೆ.

ಇಂಥವರ ಮನೆಗೆ, ಬೆಂಗಳೂರಿನಲ್ಲಿರುವ ಮಗ ಹೊಸ ಕಂಪ್ಯೂಟರು ಕೊಂಡುದರ ಫಲವಾಗಿ, ಹಳೆಯದು ದಯಮಾಡಿಸಿತು. ಆ ಯಂತ್ರವನ್ನು ಆನ್ ಮಾಡಲು ಬಲ್ಲೆನೆಂಬ ಒಂದೇ ಅರ್ಹತೆಯಿಂದ ನಾನು ಬೀದಿಗೆಲ್ಲ ತಜ್ಞನಾಗಿದ್ದೆ. "ಇದರೊಳಗೂ ಒಂದು ಕ್ಯಾಲೆಂಡರು ಇರುತ್ತದಂತಲ್ಲ, ಹಾಕಿಕೊಡಿ," ಎಂದರು. ಹುಡುಕಿ, ಕಾಸಿಲ್ಲದ, ಜಾಹೀರಾತಿಲ್ಲದ ಒಂದನ್ನು ತಂದು ಹಾಕಿದೆ. ಎಲ್ಲೋ ಸಮುದ್ರದಾಚೆ ಯಾರೋ ಪುಣ್ಯಾತ್ಮ ಬಿಡುವಿನ ವೇಳೆಯಲ್ಲಿ ಕಟ್ಟಿ ಲೋಕಕ್ಕೆ ಧಾರೆಯೆರೆದದ್ದು. ತಿಂಗಳು ತೋರಿಸುವುದು, ಬರೆದುದನ್ನು ನೆನಪಿಟ್ಟು ಗಂಟೆ ಬಾರಿಸುವುದು, ಇಷ್ಟೇ ಅದರ ಕಸುಬು.

ಮರುದಿನ ಬೆಳಗಿನ ಕಾಫಿಯ ಹೊತ್ತಿಗೇ ಶಿರಸ್ತೇದಾರರು ನಮ್ಮ ಬಾಗಿಲಲ್ಲಿ. "ಏನ್ರೀ ಇದು, ವಾರ ಸೋಮವಾರದಿಂದ ಶುರುವಾಗುತ್ತದೆ? ಭಾನುವಾರವನ್ನು ಕೊನೆಗೆ ತಳ್ಳಿದ್ದಾನಲ್ಲ!" ಹೋಗಿ ಸರಿಪಡಿಸಿಕೊಟ್ಟೆ. ದೂರು ಅಷ್ಟು ಸುಲಭವಾಗಿ ಇತ್ಯರ್ಥವಾದದ್ದು ಅವರಿಗೆ ರುಚಿಸಲಿಲ್ಲ. ಎರಡನೆಯದು, ಅದರಲ್ಲಿ ರಾಹುಕಾಲವಿಲ್ಲವೆಂದು. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲೊಂದನ್ನು ರಾಹುವಿಗೆ ಬಿಟ್ಟದ್ದೆಂದೂ, ಶುಕ್ರವಾರದ ಹತ್ತೂವರೆಯಿಂದ ಹನ್ನೆರಡು ಎಂಬುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ದಿನಕ್ಕೆ ಮಾತ್ರ ಸರಿಯೆಂದೂ ವಿವರಿಸಹೊರಟೆ. "ಸೂರ್ಯ ಬೇಕಾದರೆ ಹಿಂದುಮುಂದಾಗಲಿ ಸ್ವಾಮಿ. ಮೂವತ್ತು ವರ್ಷ ಶುಕ್ರವಾರ ಹನ್ನೆರಡರವರೆಗೆ ನಾನು ಒಂದು ಕಡತಕ್ಕೂ ಸಹಿ ಹಾಕಿದವನಲ್ಲ," ಎಂದರು. ಆ ಮೂವತ್ತು ವರ್ಷಗಳ ಶುಕ್ರವಾರಗಳಲ್ಲಿ ಕಚೇರಿಯ ಪಡಸಾಲೆಯಲ್ಲಿ ಕಾದು ಕುಳಿತ ರೈತರನ್ನು ನೆನೆದು ನಾನು ಸುಮ್ಮನಾದೆ.

ನಿಜವಾದ ವ್ಯಾಜ್ಯ ಹುಟ್ಟಿದ್ದು ಅವರ ತಾಯಿಯ ತಿಥಿಯಿಂದ. ಆಷಾಢ ಬಹುಳದಲ್ಲಿ ಬರುವ ಆ ದಿನವನ್ನು ಯಂತ್ರದಲ್ಲಿ ನಮೂದಿಸಿ, 'ಪ್ರತಿವರ್ಷ' ಎಂಬುದನ್ನು ಸ್ವಹಸ್ತದಿಂದಲೇ ಒತ್ತಿದ್ದರು. ಚಾಂದ್ರಮಾನದ ವರ್ಷಕ್ಕೆ 354 ದಿನ. ಇಂಗ್ಲಿಷ್ ತಾರೀಖಿನ ಲೆಕ್ಕಕ್ಕೆ ತಿಥಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಎರಡೂವರೆ ವರ್ಷ ಕಳೆದು ಅಧಿಕಮಾಸ ಬಂದು ಅದನ್ನು ಮುಂದಕ್ಕೆ ನೂಕುತ್ತದೆ. ಇದು ಯಂತ್ರಕ್ಕೇನು ಗೊತ್ತು? ಮರುವರ್ಷ ಗೋಡೆಯ ಕ್ಯಾಲೆಂಡರು ನೋಡಿ, ಪುರೋಹಿತರನ್ನು ಕರೆಸಿ, ವಡೆ ಪಾಯಸಗಳೊಡನೆ ಸಕಲವೂ ಸಾಂಗವಾಗಿ ನೆರವೇರಿ ಹನ್ನೊಂದು ದಿನಗಳಾದ ಮೇಲೆ, ಒಂದು ಮಧ್ಯಾಹ್ನ ಯಂತ್ರವು ಗಂಟೆ ಬಾರಿಸಿ, 'ಅಮ್ಮನ ತಿಥಿ ಇಂದು' ಎಂದು ಸಾರಿತು. ಅವರು ಈರುಳ್ಳಿ ಹುಳಿ ಕಲಸಿಕೊಂಡು ಎರಡನೆಯ ತುತ್ತಿನಲ್ಲಿದ್ದರಂತೆ. ಎಂಜಲು ಕೈಯಲ್ಲಿಯೇ ನಮ್ಮ ಮನೆಯವರೆಗೆ ಬಂದಿದ್ದರು.

ಅಂದು ಸಂಜೆ, ಕರ್ತೃವಿಗೆ ಒಂದು ಅಹವಾಲು ಸಿದ್ಧವಾಯಿತು. ವಿಷಯ, ಉಲ್ಲೇಖ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬಿತ್ಯಾದಿ ಸಕಲ ಮರ್ಯಾದೆಗಳೊಡನೆ ನ್ಯೂನತೆಗಳ ಕ್ರಮಸಂಖ್ಯೆ. ಕೊನೆಯಲ್ಲಿ ಏಳು ದಿನಗಳೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದೆಂಬ ಎಚ್ಚರಿಕೆ. ಇಂಗ್ಲಿಷಿಗೆ ತರುವಾಗ ನಾನು ಎಚ್ಚರಿಕೆಯನ್ನು ವಂದನೆಯಾಗಿ ಮಾರ್ಪಡಿಸಿದೆ. ಆತನ ಉತ್ತರ ನಾಲ್ಕೇ ಸಾಲಿನದು: ನಿಮ್ಮ ಕಡೆಯ ಚಂದ್ರನ ಲೆಕ್ಕ ನನಗೆ ತಿಳಿಯದು, ಬೇಕಾದ ದಿನಗಳನ್ನು ನೀವೇ ಒಂದು ಪಟ್ಟಿ ಮಾಡಿಕೊಂಡರೆ ಕ್ಯಾಲೆಂಡರು ಅದನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ತಮ್ಮ ಆಸಕ್ತಿಗೆ ಕೃತಜ್ಞ.

ಶಿರಸ್ತೇದಾರರು ಆ ಪಟ್ಟಿಗೆ ಕುಳಿತರು. ನಾಯಕನಹಟ್ಟಿಯ ಫಾಲ್ಗುಣದ ಜಾತ್ರೆ, ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವ, 2026ರಲ್ಲಿ ಬೀಳುವ ಅಧಿಕ ಜ್ಯೇಷ್ಠ, ಒಂದಾದ ಮೇಲೊಂದು. ತರುವಾಯ ಮಳೆಗಳು. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಹೇಳಿ ಬರೆಸುವಾಗ ಅವರ ಸ್ವರವೇ ಬೇರೆಯಾಯಿತು. ಹಿರಿಯೂರಿನಲ್ಲಿದ್ದಾಗ ಪ್ರತಿದಿನ ಬೆಳಗ್ಗೆ ಮಳೆಮಾಪಕವನ್ನು ನೋಡಿ ವರದಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆಯೆಂದು ಬರೆದು ಕಳುಹಿಸಿದ್ದನ್ನೂ, ಶೇಂಗಾ ಬಿತ್ತನೆಗೆ ಬೀಜ ಮನೆಯಲ್ಲಿರಿಸಿಕೊಂಡ ರೈತರು ಬಂದು 'ಆರಿದ್ರ ಏನಾದರೂ ಬರುತ್ತದೇನ್ರೀ' ಎಂದು, ಮಳೆ ಕಚೇರಿಯಿಂದಲೇ ಮಂಜೂರಾಗುವುದೋ ಎಂಬಂತೆ ಕೇಳುತ್ತಿದ್ದುದನ್ನೂ ಹೇಳಿದರು. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದುದನ್ನು ತಂದೆಯ ಬಾಯಿಂದ ಕೇಳಿ, ಮತ್ತೆ ತುಂಬುವುದನ್ನು ತಾವು ಕಾಣುವುದಿಲ್ಲವೆಂದೇ ತಿಳಿದಿದ್ದ ಈ ಮನುಷ್ಯ, 2022ರಲ್ಲಿ ಅದು ಕೋಡಿ ಬಿದ್ದ ತಿಂಗಳಿನ ಹಾಳೆಯನ್ನು ಇಂದಿಗೂ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಾರೆ. ಯಾವ ಅಂಗಡಿಯ ಕ್ಯಾಲೆಂಡರಿನದೆಂದು ನಾನು ಕೇಳಲಿಲ್ಲ. ಅವರೂ ಅದರ ಕಾಗದ ತೆಳುವೆಂದು ಹೇಳಲಿಲ್ಲ.

ಮಳೆಗಳ ವಿಷಯದಲ್ಲಿ ಒಂದು ವಿಶೇಷ ನಡೆಯಿತು. ಸೂರ್ಯನು ನಕ್ಷತ್ರದಿಂದ ನಕ್ಷತ್ರಕ್ಕೆ ನಡೆಯುವ ಲೆಕ್ಕದ್ದಾದುದರಿಂದ ರೋಹಿಣಿ ಮೇ 25ರ ಸುಮಾರಿಗೂ ಆರಿದ್ರ ಜೂನ್ 22ರ ಸುಮಾರಿಗೂ ವರ್ಷ ವರ್ಷವೂ ತಪ್ಪದೆ ಹುಟ್ಟುತ್ತವೆ. ತಿಥಿಗೆ ಎರಡು ಬಗೆದ ಅದೇ 'ಪ್ರತಿವರ್ಷ' ಇಲ್ಲಿ ಕರಾರುವಾಕ್ಕಾಗಿ ಹೊಂದಿತು. ಶಿರಸ್ತೇದಾರರು ಪರದೆಯನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ," ಎಂದರು. ಅವರ ಬಾಯಿಂದ ಪುಕ್ಕಟೆ ವಸ್ತುವಿಗೆ ಸಂದ ಇದಕ್ಕೂ ಮಿಗಿಲಾದ ಪ್ರಶಸ್ತಿಯನ್ನು ನಾನು ಕೇಳಿಲ್ಲ.

ಆ ಪಟ್ಟಿಯನ್ನು ಅಚ್ಚು ಹಾಕಿಸಿ ಬೀದಿಯವರಿಗೆಲ್ಲ ಧರ್ಮಾರ್ಥ ಹಂಚಿದರು. ಮೂರನೆಯ ದಿನ ಮುಖ ಕೆಂಪಗೆ ಮಾಡಿಕೊಂಡು ಬಂದರು. ಎದುರುಮನೆಯ ನಿವೃತ್ತ ಮೇಷ್ಟ್ರು, ಹೊಸದುರ್ಗದ ಕಡೆಯ ಜಾತ್ರೆ ಒಂದೂ ಇಲ್ಲವೆಂದೂ, ಅಕ್ಷರ ಇರುವೆ ಸಾಲಿನಂತಿದೆಯೆಂದೂ, ಕಾಗದ ಕಳಪೆಯೆಂದೂ ಅಂದರಂತೆ. "ಕೈಯಿಂದ ಒಂದು ಕಾಸು ಬಿಚ್ಚಲಿಲ್ಲ, ಮಾತು ನೋಡಿ ಅವರದು! ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರಲಿಕ್ಕೆ ಏನ್ರೀ ಕಷ್ಟ ಜನಕ್ಕೆ?" ಎಂದು ಗುಡುಗಿ, ಕಾಫಿ ಕುಡಿದು, ಎದ್ದು ಹೊರಡುವಾಗ ದನಿ ತಗ್ಗಿಸಿ, ಅಕ್ಷರ ಒಂದಿಷ್ಟು ದಪ್ಪ ಮಾಡಲು ಬರುತ್ತದೆಯೇ ಎಂದು ಕೇಳಿದರು.