ಹ್ಯಾಸ್ ಗಾನ್ ಪ್ರಕರಣಂ

ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳನ್ನು ಬರೆದು ಕೈತೊಳೆದುಕೊಂಡ. ಹದಿಮೂರನೆಯ ಶತಮಾನದ ಕನ್ನಡಿಗರಿಗೆ ಅಷ್ಟು ಸಾಕಾಗಿತ್ತು. ಆಗ ವಿಧಾನಸೌಧವಿರಲಿಲ್ಲ, ಫೈಲಿರಲಿಲ್ಲ, ‘ಸಾರ್ ಹ್ಯಾಸ್ ಗಾನ್ ಫಾರ್ ಎ ಮೀಟಿಂಗ್’ ಎಂದು ಕತ್ತೆತ್ತದೆ ಹೇಳುವ ರಿಸೆಪ್ಷನಿಸ್ಟೂ ಇರಲಿಲ್ಲ. ಕಾಲ ಕೆಟ್ಟಿರುವುದರಿಂದ ಈ ಒಂಬತ್ತನೆಯ ಪ್ರಕರಣ ಅನಿವಾರ್ಯವಾಗಿದೆ.

ಶಾಸ್ತ್ರವೆಂದ ಮೇಲೆ ಸೂತ್ರ ಬೇಕು. ಹಳಗನ್ನಡದಲ್ಲಿದ್ದರೆ ಯಾರೂ ಎದುರಾಡುವುದಿಲ್ಲವೆಂಬ ಧೈರ್ಯದಿಂದ ಹೀಗೆ ರಚಿಸಿದ್ದೇನೆ:

ಸೂತ್ರ: ಪೋದುದಂ ಪೇೞ್ಗುಂ, ಪೋದೆಡೆಯಂ ಪೇೞ್ಗುಂ, ಎಂದು ಪೋದನೆಂಬುದಂ ಪೇೞದು ಪರ್ಫೆಕ್ಟು.

ವೃತ್ತಿ: ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಎಂಬ ಕ್ರಿಯಾರೂಪ ಕೆಲಸ ಆಗಿದೆಯೆಂದು ಸಾರುತ್ತದೆ. ಬೆನ್ನಿಗೇ ಬರುವ ಟು, ಫಾರ್, ವಿತ್, ಬೈ, ಥ್ರೂ, ಅಂಡರ್ ಮೊದಲಾದ ಪ್ರಿಪೊಸಿಷನ್ನುಗಳು ಎಲ್ಲಿಗೆ, ಯಾತಕ್ಕೆ, ಯಾರ ಜೊತೆ, ಯಾರಿಂದ, ಯಾವ ಕಲಮಿನಡಿ ಎಂಬುದನ್ನೆಲ್ಲ ಧಾರಾಳವಾಗಿ ತಿಳಿಸುತ್ತವೆ. ಯಾವಾಗ ಎಂಬುದೊಂದನ್ನು ಬಿಟ್ಟು. ‘ಅಟ್ ಸಿಕ್ಸ್’, ‘ಆನ್ ಮಂಡೇ’, ‘ಇನ್ 1927’ ಎಂಬ ಗಡಿಯಾರ ಕಟ್ಟಿದ ನೆಂಟರಿಗೆ ಪರ್ಫೆಕ್ಟಿನ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ.

ಈ ಬಹಿಷ್ಕಾರದ ಕಾರಣವನ್ನು ಹುಡುಕಿ ದೊಡ್ಡ ದೊಡ್ಡವರು ಬಳಲಿದ್ದಾರೆ. 1947ರಲ್ಲಿ, ಎಂದರೆ ನಾವು ಇಂಗ್ಲಿಷರನ್ನು ಕಳಿಸಿ ಇಂಗ್ಲಿಷನ್ನು ಉಳಿಸಿಕೊಂಡ ವರ್ಷವೇ, ಹ್ಯಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಜ್ಞಾನಿ ತನ್ನ ತರ್ಕಗ್ರಂಥದಲ್ಲಿ ಮೂರು ಬಿಂದುಗಳ ಲೆಕ್ಕ ಹಾಕಿದ: ಘಟನೆ ನಡೆದ ಗಳಿಗೆ, ಮಾತಾಡುವ ಗಳಿಗೆ, ನಿಂತು ನೋಡುವ ಗಳಿಗೆ. ಸಾದಾ ಭೂತಕಾಲದಲ್ಲಿ ನೋಡುವವನು ಘಟನೆಯ ಪಕ್ಕ ನಿಂತಿರುತ್ತಾನೆ. ಪರ್ಫೆಕ್ಟಿನಲ್ಲಿ ಅವನು ಮಾತಾಡುವವನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಘಟನೆ ಹಿಂದೆಲ್ಲೋ ಅನಾಥವಾಗಿ ಬಿದ್ದಿರುತ್ತದೆ. ತಾಲ್ಲೂಕು ಕಚೇರಿಯ ಕೌಂಟರಿನ ಈಚೆ ನಿಂತವರಿಗೆ ಈ ಸಿದ್ಧಾಂತ ಮೊದಲೇ ತಿಳಿದಿತ್ತು, ಗ್ರಂಥ ಬರೆಯಲಿಲ್ಲ ಅಷ್ಟೆ. 1992ರಲ್ಲಿ ವೊಲ್ಫ್‌ಗಾಂಗ್ ಕ್ಲೈನ್ ಇದನ್ನೇ ಒಗಟೆಂದು ಕರೆದು ಲೇಖನ ಬರೆದ. ಜಾನ್ ಲಂಡನ್ ಬಿಟ್ಟದ್ದು ಗೊತ್ತು, ನಿನ್ನೆ ಹತ್ತಕ್ಕೆ ಬಿಟ್ಟನೆಂಬುದೂ ಗೊತ್ತು, ಹಾಗಿದ್ದೂ ಎರಡನ್ನೂ ಒಂದೇ ಪರ್ಫೆಕ್ಟ್ ವಾಕ್ಯದಲ್ಲಿ ಹೇಳಲು ಬಾರದಲ್ಲ, ಏಕೆ? ಜಾನ್ ಯಾವುದೋ ಇಲಾಖೆಯಲ್ಲಿ ಕೆಲಸಕ್ಕಿದ್ದಿರಬೇಕೆಂಬುದು ನನ್ನ ಅನುಮಾನ.

ನಮ್ಮಲ್ಲಿ ಇಂಥ ಮಡಿಯಿಲ್ಲ. ‘ನಿನ್ನೆ ಹತ್ತಕ್ಕೇ ಹೋಗಿದ್ದಾರೆ’ ಎಂದು ಹೇಳಿ ಯಾವ ಕನ್ನಡಿಗನೂ ಪ್ರಾಯಶ್ಚಿತ್ತ ಮಾಡಿಕೊಂಡಿಲ್ಲ. ಆ ಧೈರ್ಯದಲ್ಲೇ ನಾವು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎನ್ನುತ್ತೇವೆ. ‘ಸೋಮವಾರದಿಂದ’ ಎಂಬಲ್ಲೂ ‘ಐದು ವರ್ಷದಿಂದ’ ಎಂಬಲ್ಲೂ ಒಂದೇ ‘ಇಂದ’ ಸಾಕಾಗುವ ಮಿತವ್ಯಯಿ ನಾಡಿನವರು ಸಿನ್ಸ್, ಫಾರ್ ಎಂದು ಎರಡೆರಡು ಇಟ್ಟುಕೊಂಡು ಸಾಕುವುದು ದುಂದುವೆಚ್ಚವೆಂದೇ ‘ಸಿನ್ಸ್ ಫೈವ್ ಇಯರ್ಸ್’ ಎಂದು ಮುಗಿಸುತ್ತೇವೆ. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಹಿಡಿದ ಮೇಷ್ಟ್ರುಗಳು ಇದರ ಮೇಲೆ ಸುರಿದ ಕೆಂಪು ಶಾಯಿಗೆ ಲೆಕ್ಕವಿಲ್ಲ. ಆ ರೆನ್ ಮಹಾಶಯ ಫ್ರೆಂಚರ ವಿದೇಶಿ ದಳದ ಸಿಪಾಯಿಗಳ ಮೇಲೆ ‘ಬೋ ಜೆಸ್ಟ್’ ಎಂಬ ಕಾದಂಬರಿಯನ್ನೂ ಬರೆದವನು. ಮರಳುಗಾಡಿನಲ್ಲಿ ಗುಂಡು ಹಾರಿಸುವವರ ಕಥೆಗೂ ಸಿನ್ಸ್-ಫಾರ್ ಅಭ್ಯಾಸಗಳಿಗೂ ಒಂದೇ ಕೈ. ಶಾಲೆಯಲ್ಲಿ ನಮಗೇಕೆ ಹಾಗನ್ನಿಸುತ್ತಿತ್ತೆಂಬುದು ಈಗ ಸ್ಪಷ್ಟ.

ಇನ್ನು ಪ್ರಕರಣದ ತಿರುಳಿಗೆ ಬರೋಣ. ‘ಬಿ’ ಎಂಬ ಧಾತು ಹುಟ್ಟಾ ಸೋಮಾರಿ, ಇರುವುದಷ್ಟೇ ಅದರ ಉದ್ಯೋಗ. ಮೈಸೂರಿಗೆ ಹೋಗುವ ಅರ್ಥದಲ್ಲಿ ‘ಐ ಆ್ಯಮ್ ಟು ಮೈಸೂರ್’ ಎನ್ನುವಂತಿಲ್ಲ, ‘ಐ ವಾಸ್ ಟು ಮೈಸೂರ್’ ಎನ್ನುವಂತಿಲ್ಲ. ಪರ್ಫೆಕ್ಟಿನ ವೇಷ ತೊಟ್ಟಿತೋ, ‘ಐ ಹ್ಯಾವ್ ಬೀನ್ ಟು ಮೈಸೂರ್’ ಎಂದು ಕೂತಲ್ಲೇ ಮೈಸೂರಿಗೆ ಹೋಗಿ ಬಂದುಬಿಡುತ್ತದೆ! ಕುರ್ಚಿಯಿಂದೇಳದೆ ಪ್ರಯಾಣಭತ್ಯೆ ಬರೆದುಕೊಳ್ಳುವ ಪದ್ಧತಿಯ ಮೂಲ ಇಲ್ಲಿದೆಯೆಂದು ಸಾಧಿಸಬಹುದು. ‘ಗೋ’ ಧಾತು ನಿಜಕ್ಕೂ ಹೋಗುತ್ತದೆ, ಆದರೆ ಬರುವುದಿಲ್ಲ. ‘ಹ್ಯಾಸ್ ಗಾನ್ ಟು ಮೈಸೂರ್’ ಎಂದರೆ ಆಸಾಮಿ ಇನ್ನೂ ಅಲ್ಲೇ ಇದ್ದಾನೆ, ಇಲ್ಲವೇ ದಾರಿಯಲ್ಲಿದ್ದಾನೆ. ಇಬ್ಬರಲ್ಲಿ ಒಬ್ಬ ಹೋಗದೆ ಬಂದವನು, ಇನ್ನೊಬ್ಬ ಹೋಗಿ ಬಾರದವನು. ನಡುವೆ ‘ಟು’ ಎಂಬ ಒಂದು ಉಸಿರಿನ ಪದ ಇಬ್ಬರಿಗೂ ಊಳಿಗ ಮಾಡುತ್ತದೆ.

ಆ ‘ಟು’ವನ್ನು ಹಗುರವಾಗಿ ಕಾಣಬಾರದು. ಅದನ್ನು ಕಿತ್ತು ಬರೀ ‘ಹಿ ಈಸ್ ಗಾನ್’ ಎಂದರೆ ಇಂಗ್ಲೆಂಡಿನಲ್ಲಿ ಟೋಪಿ ತೆಗೆಯುತ್ತಾರೆ. ಇಲ್ಲಿ ಚತುರ್ಥಿಯನ್ನು ನುಂಗಿ ‘ಯಜಮಾನ್ರು ಹೋಗ್ಬಿಟ್ರು’ ಎಂದು ಫೋನಿನಲ್ಲಿ ಹೇಳಿ ನೋಡಿ, ಸಂಜೆಯೊಳಗೆ ಹಾರ ಹಿಡಿದು ಬಂದವರಿಗೆ ಯಜಮಾನರೇ ಬಾಗಿಲು ತೆರೆಯಬೇಕಾಗುತ್ತದೆ. ವಯಸ್ಸಾದವರ ವಿಷಯದಲ್ಲಿ ವಿಭಕ್ತಿಪ್ರತ್ಯಯ ಪ್ರಾಣರಕ್ಷಕ.

ಸಾವಿನ ಮಾತು ಬಂದದ್ದರಿಂದ ಅದನ್ನೂ ವಿಚಾರಿಸಿಬಿಡೋಣ. ‘ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್’ ಎಂದರೆ ಭಾಷಾವಿಜ್ಞಾನಿಗಳು ಮುಖ ಸಿಂಡರಿಸುತ್ತಾರೆ, ಅವನು 1955ರಲ್ಲೇ ತೀರಿಕೊಂಡ. ತಿರುಗಿಸಿ ‘ಪ್ರಿನ್ಸ್‌ಟನ್ ಹ್ಯಾಸ್ ಬೀನ್ ವಿಸಿಟೆಡ್ ಬೈ ಐನ್‌ಸ್ಟೈನ್’ ಎಂದರೆ ತಲೆದೂಗುತ್ತಾರೆ, ಪ್ರಿನ್ಸ್‌ಟನ್ ಇನ್ನೂ ಇದೆಯಲ್ಲ. ಪರ್ಫೆಕ್ಟಿಗೆ ಜೀವಂತ ಕರ್ತೃವೇ ಬೇಕು, ಸತ್ತವರನ್ನು ‘ಬೈ’ಗೆ ಕಟ್ಟಿ ವಾಕ್ಯದ ಹಿಂಬಾಗಿಲಲ್ಲಿ ಒಳಗೆ ಬಿಡಬಹುದು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ತಂಗಿದ್ದರು. ಗಾಂಧಿಯಿಂದ ವಾಕ್ಯ ಶುರುಮಾಡಿದರೆ ತಪ್ಪು, ಬೆಟ್ಟದಿಂದ ಶುರುಮಾಡಿದರೆ ಸರಿ. ಬೆಟ್ಟ ಬದುಕಿದೆ, ವಾರಾಂತ್ಯಕ್ಕೆ ಹೋದವರಿಗೆ ಹೇಗೆ ಬದುಕಿದೆಯೆಂಬುದೂ ಗೊತ್ತು.

ನಿಯಮವೆಂದ ಮೇಲೆ ಮುರಿಯುವವರೂ ಇರಬೇಕು. ಇಲ್ಲಿನ ವಿಚಿತ್ರವೇನೆಂದರೆ ಮುರಿದವರು ಪೊಲೀಸರು. ಆಸ್ಟ್ರೇಲಿಯಾದ ಪೊಲೀಸ್ ಪ್ರಕಟಣೆಗಳಲ್ಲಿ ಕಳ್ಳರು ಬೆಳಗಿನ ಜಾವ ಮೂರಕ್ಕೆ ಅಂಗಡಿಗೆ ‘ಹ್ಯಾವ್ ಎಂಟರ್ಡ್’, ಕಿಟಕಿಯ ಮೂಲಕ ‘ಹ್ಯಾವ್ ಫ್ಲೆಡ್’ ಎಂಬ ಧಾಟಿಯಿದೆ. ‘ಅಟ್ ತ್ರೀ’ ರಾಜಾರೋಷವಾಗಿ ಪರ್ಫೆಕ್ಟಿನ ಜೊತೆ ಕೂತಿರುತ್ತದೆ. ಭಾಷಾವಿಜ್ಞಾನಿಗಳು ಆ ಪ್ರಕಟಣೆಗಳನ್ನೇ ಮಹಜರು ಮಾಡಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲ್ ಮಂದಿಯೂ ಆಟ ಮುಗಿದ ಮೇಲೆ ‘ಹಿ ಹ್ಯಾಸ್ ಗಾನ್ ಪಾಸ್ಟ್ ಟೂ ಡಿಫೆಂಡರ್ಸ್’ ಎಂದೇ ಕಥೆ ಹೇಳುತ್ತಾರೆ. ಅವರದನ್ನು ಆಟಪಾಠವೆಂದು ಕ್ಷಮಿಸಬಹುದು.

ಇಷ್ಟೆಲ್ಲ ಆಟವಾಡಿಸುವ ಈ ‘ಹ್ಯಾವ್’ ಬಂದದ್ದಾದರೂ ಎಲ್ಲಿಂದ? ಹಳೆಯ ಇಂಗ್ಲಿಷಿನಲ್ಲಿ ಅದು ಸ್ವತ್ತಿನ ಮಾತಾಗಿತ್ತು. ‘ಬರೆದ ಪತ್ರವೊಂದು ನನ್ನ ಬಳಿಯಿದೆ’ ಎಂಬಂಥ ಮಾತೇ ಸವೆದು ಸವೆದು ‘ಪತ್ರ ಬರೆದಿದ್ದೇನೆ’ ಎಂದಾಯಿತು. ಕೈಯಲ್ಲಿದ್ದ ಪತ್ರ ಜಾರಿಹೋಯಿತು, ‘ಹ್ಯಾವ್’ ಮಾತ್ರ ಉಳಿಯಿತು. ಈ ಪರಂಪರೆಯನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದದ್ದು ನಮ್ಮ ಕಚೇರಿಗಳು. ‘ಯುವರ್ ಫೈಲ್ ಹ್ಯಾಸ್ ಬೀನ್ ಪುಟ್ ಅಪ್ ಫಾರ್ ಆರ್ಡರ್ಸ್’, ‘ದಿ ಮ್ಯಾಟರ್ ಹ್ಯಾಸ್ ಬೀನ್ ಟೇಕನ್ ಅಪ್ ವಿತ್ ಹೈಯರ್ ಅಥಾರಿಟೀಸ್’. ಎಲ್ಲವೂ ಆಗಿದೆ, ಎಲ್ಲಿಗೋ ಹೋಗಿದೆ, ಯಾರೊಡನೆಯೋ ಇದೆ. ಕಾಗದ ಮಾತ್ರ ಕಾಣುತ್ತಿಲ್ಲ. ಕನ್ನಡದಲ್ಲಿ ಆಡಳಿತ ಶುರುವಾದಾಗ ಈ ಸಂಪತ್ತು ನಷ್ಟವಾಗದಂತೆ ‘ಅಗತ್ಯ ಕ್ರಮಕ್ಕಾಗಿ ಕಳುಹಿಸಲಾಗಿದೆ’ ಎಂಬ ರೂಪದಲ್ಲಿ ಇಡಿಯಾಗಿ ಸಾಗಿಸಿದರು. ಕಳುಹಿಸಿದವರ ಹೆಸರೂ ಬಿದ್ದುಹೋದದ್ದು ಕನ್ನಡದ ಸ್ವಂತ ಕೊಡುಗೆ ಎನ್ನೋಣವೆಂದರೆ, ಅದೂ ಮೂಲದಲ್ಲೇ ಇತ್ತು.

2005ರ ಮಾಹಿತಿ ಹಕ್ಕು ಕಾಯ್ದೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ವಿಧಿಸಿ ಪರ್ಫೆಕ್ಟಿನ ಬುಡಕ್ಕೇ ಕೈಹಾಕಿತು. ವ್ಯಾಕರಣ ಸುಮ್ಮನಿರಲಿಲ್ಲ. ‘ಯುವರ್ ಅಪ್ಲಿಕೇಶನ್ ಹ್ಯಾಸ್ ಬೀನ್ ಟ್ರಾನ್ಸ್‌ಫರ್ಡ್ ಅಂಡರ್ ಸೆಕ್ಷನ್ 6(3)’ ಎಂಬ ವಾಕ್ಯ ಹುಟ್ಟಿತು. ಟು, ಫಾರ್, ವಿತ್ ಸಾಲದೆಂದು ಈಗ ‘ಅಂಡರ್’ ಕೂಡ ಸೇವೆಗೆ ಸೇರಿತು. ಕರ್ನಾಟಕ 2011ರಲ್ಲಿ ಸೇವಾ ಖಾತರಿ ಅಧಿನಿಯಮ ತಂದು ‘ಸಕಾಲ’ ಎಂದು ಹೆಸರಿಟ್ಟಿತು. ಇಂಗ್ಲಿಷಿನ ಕಾಲಗಳ ಪಟ್ಟಿಯಲ್ಲಿ ಇಂಥದೊಂದಿಲ್ಲವಾದ್ದರಿಂದ ಹಳೆಯ ಗುಮಾಸ್ತರಿಗೆ ಅದರ ರೂಪಸಿದ್ಧಿ ಕಷ್ಟವಾಯಿತು.

ಕೊನೆಗೆ ಫ್ಯೂಚರ್ ಪರ್ಫೆಕ್ಟ್. ಗಡಿಯಾರವನ್ನು ಸ್ವತಃ ಕರೆದು ಮಣೆ ಹಾಕುವ ಪರ್ಫೆಕ್ಟ್ ಇದು, ಅದರ ಪ್ರಿಪೊಸಿಷನ್ ‘ಬೈ’. ‘ದಿ ಫ್ಲಾಟ್ ವಿಲ್ ಹ್ಯಾವ್ ಬೀನ್ ಹ್ಯಾಂಡೆಡ್ ಓವರ್ ಬೈ ಡಿಸೆಂಬರ್.’ ಬೆಂಗಳೂರಿನ ಹೊರವಲಯದಲ್ಲಿ ಈ ವಾಕ್ಯ ವಿಪುಲವಾಗಿ ಬೆಳೆಯುತ್ತದೆ. ಆಗಿದೆ ಎನ್ನುವ ನೆಮ್ಮದಿಯೂ ಇದೆ, ಆಗುತ್ತದೆ ಎನ್ನುವ ಆಸೆಯೂ ಇದೆ, ತಿಂಗಳ ಹೆಸರೂ ಇದೆ. ಇಸವಿ ಕೇಳಿದವರಿಗೆ ಬ್ರೋಷರಿನ ಇನ್ನೊಂದು ಪ್ರತಿ ಮತ್ತು ಒಂದು ಲೋಟ ಕಾಫಿ ಕೊಡುತ್ತಾರೆ.