ಯುಎಕ್ಸ್ ಸಂಶೋಧಕ ಲಕ್ಷಣ ನಿರ್ಣಯವು

ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್ ಮೊದಲಾದ ಪುಣ್ಯಕ್ಷೇತ್ರಗಳಲ್ಲಿ ನೆಲೆಸಿರುವ ಡಿಸೈನರುಗಳ ಹಿತಾರ್ಥವಾಗಿ ಈ ಶಾಸ್ತ್ರವನ್ನು ಹೇಳಲಾಗುತ್ತಿದೆ. ಆ್ಯಪ್ ಮಾಡಿದವರಿಗೆ ಅದು ಸುಲಭವಾಗಿಯೇ ಕಾಣುತ್ತದೆ. ಬಳಸುವವರಿಗೂ ಹಾಗೇ ಇದೆಯೇ ಎಂದು ಹೋಗಿ ನೋಡಿಬರುವವರೇ ಯುಎಕ್ಸ್ ಸಂಶೋಧಕರು. 1993ರ ಸುಮಾರಿಗೆ ಆ್ಯಪಲ್ ಕಂಪನಿ ಸೇರಿದ ಡಾನ್ ನಾರ್ಮನ್ ತಮ್ಮ ಹುದ್ದೆಯ ಹೆಸರಿನಲ್ಲೇ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂದು ಸೇರಿಸಿಕೊಂಡದ್ದು ಈ ಉಪದ್ರವಕ್ಕೆ ಮೂಲವೆಂದು ಪೌರಾಣಿಕರ ಅಂಬೋಣ.

ನೋಡಿಬಂದು ಏನು ಹೇಳಬೇಕೆಂಬಲ್ಲಿ ಮತಭೇದವಿದೆ. ಪ್ರಾಚೀನರು ‘ಕಂಡದ್ದನ್ನು’ ಎನ್ನುತ್ತಾರೆ. ನವೀನರು, ಎಂದರೆ ನಾವು, ‘ಡಿಸೈನರು ಮೊದಲೇ ತೀರ್ಮಾನಿಸಿದ್ದನ್ನು, ಗ್ರಾಫ್ ಸಮೇತ’ ಎನ್ನುತ್ತೇವೆ. ಗುರುವಾರ ಲಾಂಚ್ ಇಟ್ಟುಕೊಂಡು ಬುಧವಾರ ಸಂಜೆ ಸತ್ಯ ತಿಳಿದು ಯಾರಿಗೆ ಏನಾಗಬೇಕು?

ಅಭ್ಯರ್ಥಿಯಲ್ಲಿ ಮೊದಲು ನೋಡಬೇಕಾದದ್ದು ಪ್ರಶ್ನಾಚಾತುರ್ಯ. ಇದಕ್ಕೆ ಪ್ರಮಾಣ ಬರ್ಲಿನ್ನಿನ ಕುದುರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟರ ಕುದುರೆ ಹಾನ್ಸ್, ಕೊಟ್ಟ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರ ತನ್ನ ಪುಸ್ತಕದಲ್ಲಿ ಗುಟ್ಟು ಹೊರಗೆಡಹಿದ: ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿಲ್ಲ! ಬಡಿತದ ಎಣಿಕೆ ಸರಿಯಾದ ಸಂಖ್ಯೆಗೆ ಬರುತ್ತಲೇ ಕೇಳಿದವರ ತಲೆ ತಮಗೇ ಅರಿವಿಲ್ಲದೆ ಎಳ್ಳಷ್ಟು ಮೇಲೇಳುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್‌ಗೆ ತನ್ನ ತಲೆ ತಡೆದುಕೊಳ್ಳಲಾಗಲಿಲ್ಲವಂತೆ. ಪ್ರಾಚೀನರು ಇದನ್ನು ಎಚ್ಚರಿಕೆಯೆಂದು ಓದಿದರು. ನಾವು ಕಾರ್ಯವಿಧಾನವೆಂದು ಓದುತ್ತೇವೆ. ‘ಹೊಸ ಮೆನು ಹಳೇದಕ್ಕಿಂತ ಸುಲಭ ಅನ್ನಿಸ್ತಲ್ವಾ ಮೇಡಂ?’ ಎಂದು ತಲೆಯಾಡಿಸುತ್ತ ಕೇಳಬಲ್ಲವರಿಗೆ ಕೂಡಲೇ ಆಫರ್ ಕೊಡತಕ್ಕದ್ದು. ‘ಹೋದ ತಿಂಗಳ ಕರೆಂಟ್ ಬಿಲ್ ಹೇಗೆ ಕಟ್ಟಿದ್ರಿ, ತೋರಿಸ್ತೀರಾ?’ ಎನ್ನುವವರು ಅಪಾಯಕಾರಿಗಳು. ಎದುರಿಗಿರುವವರು ತೋರಿಸಿಬಿಡುತ್ತಾರೆ.

ಎರಡನೆಯದು ಮೌನಪರೀಕ್ಷೆ. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರ ಕೈಗೆ ಆ್ಯಪ್ ಕೊಟ್ಟು, ಪಕ್ಕದಲ್ಲಿ ಅಭ್ಯರ್ಥಿಯನ್ನು ಕೂರಿಸಿ. ಆಕೆ ಬಟನ್ ಬಿಟ್ಟು ಪಕ್ಕದ ಚಿತ್ರವನ್ನು ಒತ್ತುತ್ತಾರೆ, ಏಕೆಂದರೆ ಬಟನ್ನಿನಂತೆ ಕಾಣುವುದು ಆ ಚಿತ್ರವೇ. ಮತ್ತೆ ಒತ್ತುತ್ತಾರೆ. ಸೆರಗಿನಿಂದ ಸ್ಕ್ರೀನ್ ಒರೆಸಿ ಇನ್ನೊಮ್ಮೆ ಒತ್ತಿ, ‘ನಂಗೇ ಗೊತ್ತಾಗ್ತಿಲ್ಲ ಬಿಡಪ್ಪ’ ಎನ್ನುತ್ತಾರೆ. ಯೋಗ್ಯ ಅಭ್ಯರ್ಥಿ ಇಷ್ಟರಲ್ಲೇ ‘ಅಯ್ಯೋ, ಮೇಲ್ಗಡೆ ಬಲಕ್ಕಿದೆ ನೋಡಿ ಅಮ್ಮ’ ಎಂದು ಬೆರಳಿಟ್ಟು ತೋರಿಸಿ ಡಿಸೈನಿನ ಮಾನ ಕಾಯುತ್ತಾರೆ. ಅಯೋಗ್ಯರು ಕೈಕಟ್ಟಿ ಸುಮ್ಮನಿರುತ್ತಾರೆ. ಬಹಳ ಹೊತ್ತಾದ ಮೇಲೆ ‘ಅದನ್ನ ಒತ್ತಿದ್ರೆ ಏನಾಗುತ್ತೆ ಅಂದ್ಕೊಂಡ್ರಿ?’ ಎಂದು ಕೇಳಿ, ಆಕೆ ಹೇಳಿದ್ದನ್ನೆಲ್ಲ ಆಕೆಯ ಮಾತಲ್ಲೇ ಬರೆದುಕೊಳ್ಳುತ್ತಾರೆ. ಇಂಥವರನ್ನು ಲಿಫ್ಟಿನವರೆಗೆ ಬೀಳ್ಕೊಡುವುದು ಕ್ಷೇಮ.

ಗಣಿತ ಪ್ರಕರಣದಲ್ಲಿ ಹೆಚ್ಚು ಹೇಳುವುದಿಲ್ಲ. ಐದು ಜನರನ್ನು ಪರೀಕ್ಷಿಸಿದರೆ ಶೇ. 85ರಷ್ಟು ತೊಂದರೆಗಳು ಸಿಗುತ್ತವೆಂದು ಯಾಕೋಬ್ ನೀಲ್ಸನ್ 2000ರಲ್ಲಿ ಬರೆದ. ಒಬ್ಬೊಬ್ಬರಲ್ಲೂ ಸರಾಸರಿ ಶೇ. 31ರಷ್ಟು ತೊಂದರೆ ಕಾಣಸಿಗುತ್ತದೆಂಬುದು ಆ ಲೆಕ್ಕದ ಬುನಾದಿ. ಐವರನ್ನು ನೋಡಿ, ತಿದ್ದಿ, ಮತ್ತೆ ಬೇರೆ ಐವರನ್ನು ನೋಡಿ ಎಂಬುದು ಅವನ ಪೂರ್ಣವಾಕ್ಯ. ನಮ್ಮ ಸಂಪ್ರದಾಯದಲ್ಲಿ ‘ಐವರು’ ಎಂಬಷ್ಟೇ ಉಳಿದಿದೆ, ಆ ಐವರೂ ನಮ್ಮ ಆಫೀಸಿನಲ್ಲೇ ಕೂರುತ್ತಾರೆ. ಅವರಲ್ಲಿ ನಾಲ್ವರು ‘ಚೆನ್ನಾಗಿದೆ’ ಎಂದರೆ ‘ಶೇ. 80ರಷ್ಟು ಬಳಕೆದಾರರು ಮೆಚ್ಚಿದ್ದಾರೆ’ ಎಂದು ಸ್ಲೈಡ್ ಮಾಡಬಲ್ಲವರು ಕಂಪನಿಗೆ ಆಸ್ತಿ. ಹಾಗೆ ಶೇಕಡಾ ತೆಗೆಯಲು ಬರುವುದಿಲ್ಲ ಎಂದು ಕೊಸರಾಡುವವರು ಎಲ್ಲಿದ್ದರೂ ಕೊಸರಾಡುತ್ತಾರೆ.

‘ಜನರನ್ನು ಕೇಳಿದ್ದರೆ ಇನ್ನೂ ವೇಗದ ಕುದುರೆ ಬೇಕೆನ್ನುತ್ತಿದ್ದರು’ ಎಂಬ ಹೆನ್ರಿ ಫೋರ್ಡನ ಮಾತನ್ನು ನೀವು ಉದ್ಧರಿಸಿದಾಗ ಅಭ್ಯರ್ಥಿಯ ಮುಖ ನೋಡಿ. ‘ಅವನು ಹಾಗೆ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ ಸರ್’ ಎಂದರೆ ಸಂದರ್ಶನ ಅಲ್ಲಿಗೇ ಮುಗಿಯಿತು.

ಕಡೆಯ ಪ್ರಶ್ನೆ: ‘ನಿಮ್ಮ ಸಂಶೋಧನೆಯಿಂದ ಇದುವರೆಗೆ ಯಾವ ತೀರ್ಮಾನ ಬದಲಾಗಿದೆ?’ ‘ಯಾವುದೂ ಇಲ್ಲ, ವರದಿ ಮಾತ್ರ ಎಲ್ಲರಿಗೂ ಇಷ್ಟವಾಗಿತ್ತು’ ಎಂಬುದು ಉತ್ತಮ ಉತ್ತರ. ಒಂದು ಫೀಚರ್ ಕೈಬಿಡಿಸಿದೆನೆಂಬುದು ಅಧಮ. ಡಿಸೈನರುಗಳನ್ನೇ ಜೊತೆಗೆ ಕರೆದೊಯ್ದು, ಜನ ಪರದಾಡುವುದನ್ನು ಕಣ್ಣಾರೆ ನೋಡುವಂತೆ ಮಾಡಿದೆನೆಂಬುದು ಅಧಮಾಧಮ. ವರದಿಯನ್ನಾದರೆ ಓದದೆ ಇರಬಹುದು. ಅತಿಥಿ ‘ಉಪ್ಪಿಟ್ಟು ಚೆನ್ನಾಗಿದೆ’ ಎಂದ ಮೇಲೆ ತಟ್ಟೆಯಲ್ಲಿ ಎಷ್ಟು ಉಳಿದಿದೆಯೆಂದು ಇಣುಕುವುದು ಯಾವ ಸಭ್ಯತೆ?

‘ಹಾಗಾದರೆ ಲಾಂಚ್ ಆದ ಮೇಲೆ ಒಂದೊಂದೇ ಸ್ಟಾರ್ ಬೀಳುತ್ತದಲ್ಲ?’ ಎಂದು ಶಿಷ್ಯನೊಬ್ಬನ ಆಕ್ಷೇಪ. ಸಮಾಧಾನ: ಅದು ಮಾರ್ಕೆಟಿಂಗ್ ಪ್ರಕರಣಕ್ಕೆ ಸೇರಿದ್ದು, ಇಲ್ಲಿ ಅಪ್ರಸ್ತುತ.

ಇನ್ನು ಸಂಬಳ. ಅದರ ಮೇಲೂ ಒಂದು ಅಧ್ಯಾಯವಿತ್ತು. ಹಸ್ತಪ್ರತಿ ಎಚ್‌ಆರ್ ವಿಭಾಗಕ್ಕೆ ಹೋಗಿ ಮರಳುವಷ್ಟರಲ್ಲಿ ಅಷ್ಟು ಭಾಗಕ್ಕೆ ಮಾತ್ರ ಗೆದ್ದಲು ಹಿಡಿದಿದೆ.