ಜಾಝ್ ರಸಿಕಾಭಿಪ್ರಾಯ ಮೀಮಾಂಸೆ

ಲೋಕದಲ್ಲಿ ಸಂಗೀತ ಕೇಳುವವರು ಎರಡು ಬಗೆ: ಕೇಳಿ ಸುಮ್ಮನಾಗುವವರು ಮತ್ತು ಜಾಝ್ ರಸಿಕರು. ಮೊದಲನೆಯವರಿಂದ ಶಾಸ್ತ್ರಕ್ಕೆ ಯಾವ ಉಪಯೋಗವೂ ಇಲ್ಲದ ಕಾರಣ ಪ್ರಸ್ತುತ ಸಂಪ್ರಬಂಧದ ವ್ಯಾಪ್ತಿಯಿಂದ ಅವರನ್ನು ಹೊರಗಿಡಲಾಗಿದೆ.

ಎರಡನೆಯ ವರ್ಗದ ಇಬ್ಬರು ಎದುರಾದಾಗ ಮಳೆ ಬೆಳೆಯ ವಿಚಾರ ಬರುವುದಿಲ್ಲ. 'ಈಗ ಏನು ಕೇಳ್ತಾ ಇದೀರಿ?' ಎಂಬುದೇ ಕುಶಲಪ್ರಶ್ನೆ. ಇದಕ್ಕೆ ಬರೀ ಆಲ್ಬಮ್ಮಿನ ಹೆಸರು ಹೇಳುವವನು ಶಾಸ್ತ್ರದಲ್ಲಿ ಇನ್ನೂ ಶಿಶು. ಪಕ್ವನಾದವನು ಮೊದಲು ಹೆಸರು, ಬಳಿಕ ಮುದ್ರಣದ ತಾರೀಕು, ಬಳಿಕ ಡ್ರಮ್ಸ್ ನುಡಿಸಿದವನು, ಬಳಿಕ ತಟ್ಟೆ ಅಚ್ಚಾದ ಕಾರ್ಖಾನೆ ಎಲ್ಲವನ್ನೂ ಹೇಳಿ ಮುಗಿಸಿ, 'ಎರಡನೇ ಬದಿ ಮಾತ್ರ ಅಷ್ಟಕ್ಕಷ್ಟೆ' ಎಂದು ನಿಟ್ಟುಸಿರು ಬಿಡುತ್ತಾನೆ. ಕೇಳಿದ್ದು ಹೇಗಿತ್ತು ಎಂಬುದು ಇದರಲ್ಲೆಲ್ಲೂ ಬರಲಿಲ್ಲವಲ್ಲ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ನಮ್ಮ ಪ್ರತಿಜ್ಞೆಯೇ ಅದು: ಜಾಝ್‌ನಲ್ಲಿ ಅಭಿಪ್ರಾಯವು ಶ್ರವಣಕ್ಕಿಂತ ಮೊದಲು ಹುಟ್ಟುತ್ತದೆ, ತಟ್ಟೆ ತಿರುಗುವುದು ಅದಕ್ಕೆ ಸಾಕ್ಷಿ ನುಡಿಯಲಿಕ್ಕೆ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಅವುಗಳಲ್ಲಿ ಜಾಝ್ ಶಾಸ್ತ್ರಕ್ಕೆ ಅತಿ ದುರ್ಬಲವಾದದ್ದು ಪ್ರತ್ಯಕ್ಷ, ಅಂದರೆ ಕಿವಿ. ಇದಕ್ಕೆ ದೃಷ್ಟಾಂತ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ, ಮೊದಲ ಬದಿಯ ಮೂರು ರಚನೆಗಳು ಮುದ್ರಣಗೊಂಡವು. ಅಂದು ಟೇಪ್ ಯಂತ್ರ ಒಂದಿಷ್ಟು ನಿಧಾನವಾಗಿ ಓಡುತ್ತಿತ್ತು. ನಿಧಾನಕ್ಕೆ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ, ಏರಿತು. ಹಾಗೆ ಏರಿದ ಶ್ರುತಿಯಲ್ಲೇ ಆ ಬದಿ ಮೂರು ದಶಕಕ್ಕೂ ಹೆಚ್ಚು ಕಾಲ ಮಾರಾಟವಾಯಿತು. ಅಂದು ಜೊತೆಗೇ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಅದು ನೆಟ್ಟಗಾದದ್ದು 1990ರ ದಶಕದಲ್ಲಿ. ಅಷ್ಟು ಕಾಲ ಈ ಆಲ್ಬಮ್ಮಿನ ಒಂದೊಂದು ಸ್ವರದ ತೂಕಕ್ಕೂ ಬೆಲೆ ಕಟ್ಟಿದ ರಸಿಕಸಮೂಹ ಬೆಲೆ ಕಟ್ಟಿದ್ದು ಮೈಲ್ಸ್ ನುಡಿಸದ ಶ್ರುತಿಗೆ. ತಟ್ಟೆಯ ಜೊತೆ ತಮ್ಮ ವಾದ್ಯ ಕೂಡಿಸಲು ಕೂತವರಿಗೆ ಮಾತ್ರ ಅನುಮಾನ ಬಂದಿರಬೇಕು. ಅವರೂ ಮೊದಲು ಬೈದದ್ದು ತಮ್ಮ ವಾದ್ಯವನ್ನೇ ಇದ್ದೀತು. ಸಾಲದ್ದಕ್ಕೆ, ಮೊದಮೊದಲ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ರಚನೆಗಳ ಹೆಸರುಗಳೂ ಅದಲುಬದಲಾಗಿದ್ದವು. 'ಆಲ್ ಬ್ಲೂಸ್' ಎಂದು ಕಣ್ಣು ಮುಚ್ಚಿ ತಲೆದೂಗಿದವನು 'ಫ್ಲಮೆಂಕೊ ಸ್ಕೆಚಸ್'ಗೆ ತಲೆದೂಗಿದ್ದ.

ತಪ್ಪು ತಿದ್ದಿದರಲ್ಲ, ಇನ್ನಾದರೂ ವಿವಾದ ಮುಗಿಯಿತೇ? ಇಲ್ಲ. ತಿದ್ದಿದ್ದರಿಂದ ಒಂದು ಹೊಸ ಪಂಥ ಹುಟ್ಟಿತು, ಹಳೆಯ ತಪ್ಪು ಶ್ರುತಿಯಲ್ಲೇ ಜೀವಂತಿಕೆ ಹೆಚ್ಚಿತ್ತು ಎನ್ನುವವರದು. ಅವರನ್ನು ನಾವು ಪ್ರಮಾದಪ್ರಾಮಾಣ್ಯವಾದಿಗಳೆಂದು ಕರೆಯುತ್ತೇವೆ. ಅವರ ಬಳಿಯ ಹಳೆಯ ಪ್ರತಿಗೆ ಒಳ್ಳೆಯ ಬೆಲೆ ಇದೆ ಎಂಬುದು ಕೇವಲ ಕಾಕತಾಳೀಯ.

ಪ್ರತ್ಯಕ್ಷದ ಸೋಲಿಗೆ ಮತ್ತೊಂದು ಸಾಕ್ಷಿ ಕಣ್ಣುಕಟ್ಟು ಪರೀಕ್ಷೆ. ಹೆಸರು ಹೇಳದೆ ತಟ್ಟೆ ಹಾಕಿ ಯಾರು ನುಡಿಸಿದ್ದು ಎಂದು ಕೇಳುವ ಈ ಆಟವನ್ನು ವಿಮರ್ಶಕ ಲೆನರ್ಡ್ ಫೆದರ್ 1940ರ ದಶಕದಲ್ಲಿ ಪತ್ರಿಕೆಯ ಅಂಕಣವಾಗಿಸಿದ. ನುಡಿಸುವವನು ಕರಿಯನೋ ಬಿಳಿಯನೋ ಎಂಬುದನ್ನು ಕೇಳಿಯೇ ಹೇಳಬಲ್ಲೆ ಎಂದಿದ್ದ ಟ್ರಂಪೆಟ್ ದಿಗ್ಗಜ ರಾಯ್ ಎಲ್ಡ್ರಿಜ್ 1951ರಲ್ಲಿ ಆ ಪರೀಕ್ಷೆಗೆ ಕೂತು ಬಿದ್ದ. ಎಲ್ಡ್ರಿಜ್‌ನಂಥವನ ಕಿವಿಯ ಪಾಡೇ ಇದಾದರೆ, ಸೋಫಾದ ಮೇಲೆ ಕಾಲು ಚಾಚಿ ಕೂತವನ ಕಿವಿಯ ಮಾತೇಕೆ? ಆದ್ದರಿಂದಲೇ ಹೆಸರು ಮುಚ್ಚಿಟ್ಟ ತಟ್ಟೆಯ ಬಗ್ಗೆ ಬಲ್ಲ ರಸಿಕನು ಬಾಯಿ ಬಿಡುವುದಿಲ್ಲ. ಹೊದಿಕೆ ಕೇಳುತ್ತಾನೆ.

ಇನ್ನು ಅನುಮಾನ. ಇದು ಈ ಶಾಸ್ತ್ರದ ಶಿಖರ. ಹಾಡು ಮುಗಿದ ಗೆರೆಗೂ ಲೇಬಲ್ಲಿಗೂ ನಡುವೆ ತಟ್ಟೆಯಲ್ಲಿ ಒಂದು ನುಣುಪು ಪಟ್ಟಿ ಇರುತ್ತದೆ. ಅಲ್ಲಿ ಸಂಗೀತವಿಲ್ಲ, ಆದ್ದರಿಂದ ರಸಿಕರು ಅತಿ ಹೆಚ್ಚು ಹೊತ್ತು ನೋಡುವುದು ಅದನ್ನೇ. ಬರ್ಲಿನ್ನಿನಿಂದ ಬಂದ ಆಲ್ಫ್ರೆಡ್ ಲಯನ್ 1939ರಲ್ಲಿ ಹುಟ್ಟುಹಾಕಿದ ಬ್ಲೂ ನೋಟ್ ಕಂಪನಿಯ ಹಳೆಯ ತಟ್ಟೆಗಳ ಆ ಪಟ್ಟಿಯಲ್ಲಿ ಧ್ವನಿಮುದ್ರಕ ರೂಡಿ ವಾನ್ ಗೆಲ್ಡರ್‌ನ ಹೆಸರಿನ ಮೂರಕ್ಷರ ಇರಬೇಕು. ಈತ ವೃತ್ತಿಯಿಂದ ಕಣ್ಣು ಪರೀಕ್ಷಿಸುವವನು. ನ್ಯೂಜೆರ್ಸಿಯಲ್ಲಿ ಅಪ್ಪ ಅಮ್ಮನ ಮನೆಯ ನಡುಕೋಣೆಯಲ್ಲೇ ಮುದ್ರಣ ನಡೆಸಿದವನು. ಪಕ್ಕದಲ್ಲಿ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತೂ ಇರಬೇಕು. ಅದು ಬರೆದದ್ದು ಒಂದು ರೋಮನ್ ಅಕ್ಷರ. ರಸಿಕರಿಗೆ ಕಾಣುವುದು ಒಂದು ಕಿವಿ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ನ್ಯಾಯದಲ್ಲಿ, ಎಲ್ಲೆಲ್ಲಿ ಕಿವಿಯೋ ಅಲ್ಲಲ್ಲಿ ನಾದ. ಭೂತಗನ್ನಡಿ ಹಿಡಿದು ಕಿವಿಯನ್ನು ಕಂಡವನು ಸೂಜಿ ಇಳಿಸುವ ಮೊದಲೇ 'ಆಹಾ, ಏನು ಡ್ರಮ್ಸ್!' ಎನ್ನಬಲ್ಲ. ಕಿವಿಯಿಲ್ಲದ ತಟ್ಟೆ ಎಷ್ಟು ಚೆನ್ನಾಗಿ ಕೇಳಿಸಿದರೂ ಅದು ಭ್ರಾಂತಿ.

ಹೊದಿಕೆಯೂ ಅನುಮಾನಕ್ಕೆ ಸಾಧನವೇ. ಬ್ಲೂ ನೋಟ್‌ನ ಎಷ್ಟೋ ಹೊದಿಕೆಗಳನ್ನು ರಚಿಸಿದ ರೀಡ್ ಮೈಲ್ಸ್‌ಗೆ ಜಾಝ್‌ನಲ್ಲಿ ಹೇಳಿಕೊಳ್ಳುವಂಥ ಆಸಕ್ತಿ ಇರಲಿಲ್ಲ. ಅವನಿಗೆ ಹಿಡಿಸಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ತನಗೆ ಬಂದ ಪ್ರತಿಗಳನ್ನು ಕೊಟ್ಟುಬಿಡುತ್ತಿದ್ದ. ಒಳಗಿನದನ್ನು ಕೇಳದೆ ಅಷ್ಟು ಚೆಂದದ ಅಭಿಪ್ರಾಯವನ್ನು ಬಣ್ಣದಲ್ಲಿ ಹೇಳಿದವನಿಗಿಂತ ಮಿಗಿಲಾದ ಜಾಝ್ ವಿಮರ್ಶಕ ನಮಗೆ ಸಿಕ್ಕಿಲ್ಲ.

ಉಪಮಾನವೆಂದರೆ ಒಬ್ಬನನ್ನು ಹೊಗಳಲು ಇನ್ನೊಬ್ಬನನ್ನು ಎಳೆದು ತರುವುದು. ಉದಾಹರಣೆಗೆ ಟೆನರ್ ಸ್ಯಾಕ್ಸೋಫೋನಿನ ಹ್ಯಾಂಕ್ ಮಾಬ್ಲಿ. ಕೋಲ್ಟ್ರೇನ್, ರಾಲಿನ್ಸ್‌ರ ನಡುವೆ ಸಿಕ್ಕಿ ಅವನಿಗೆ ನ್ಯಾಯ ಸಿಗಲಿಲ್ಲ ಎಂಬುದನ್ನು ಒಪ್ಪದ ರಸಿಕನಿಲ್ಲ. ಎಲ್ಲರೂ ಕೂಡಿ 'ಇವನನ್ನು ಯಾರೂ ಗುರುತಿಸಲಿಲ್ಲ' ಎಂದು ಗುರುತಿಸಿದ ಮೇಲೆ ಗುರುತಿಸದೆ ಉಳಿದವರು ಯಾರು? ಈ ಗಂಟನ್ನು ಬಿಡಿಸಲು ಶಾಸ್ತ್ರಕಾರರು ಟೀನಾ ಬ್ರೂಕ್ಸ್‌ನನ್ನು ಮುಂದೆ ಮಾಡುತ್ತಾರೆ. ಅವನು ಬದುಕಿದ್ದಾಗ ಅವನ ಹೆಸರಿನಲ್ಲಿ ಹೊರಬಂದದ್ದು ಒಂದೇ ಆಲ್ಬಮ್, 1960ರಲ್ಲಿ ಮುದ್ರಣಗೊಂಡ 'ಟ್ರೂ ಬ್ಲೂ'. ಆದ್ದರಿಂದ ಮಾಬ್ಲಿ ಎಂದವನಿಗೆ ಬ್ರೂಕ್ಸ್ ಎಂದರೆ ವಾದ ಗೆದ್ದ ಹಾಗೆ. ಬ್ರೂಕ್ಸ್‌ಗಿಂತಲೂ ಅಪರಿಚಿತನು ಸಿಕ್ಕರೆ ಇನ್ನೂ ಮೇಲು. ಒಂದೂ ತಟ್ಟೆ ಮಾಡದ ಕಲಾವಿದನೇ ಪರಮಶ್ರೇಷ್ಠ ಎಂಬಲ್ಲಿಗೆ ಈ ತರ್ಕ ತಲುಪುವುದು ಖಂಡಿತ.

ಕೊನೆಯದು ಶಬ್ದಪ್ರಮಾಣ, ಆಪ್ತರ ಮಾತು. ಆದರೆ ಆಪ್ತರಲ್ಲೇ ಹೊಂದಿಕೆಯಿಲ್ಲ. ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ಎರಡು ಚತುಷ್ಟಯಗಳನ್ನು ಎರಡು ಸ್ಪೀಕರುಗಳಿಗೆ ಹಂಚಿ ಮೂವತ್ತೇಳು ನಿಮಿಷ ಒಟ್ಟಿಗೆ ನುಡಿಸಿದ 'ಫ್ರೀ ಜಾಝ್'ಗೆ, 1962ರ 'ಡೌನ್ ಬೀಟ್' ಪತ್ರಿಕೆ ಇಬ್ಬರಿಂದ ವಿಮರ್ಶೆ ಬರೆಸಿತು. ಪೀಟ್ ವೆಲ್ಡಿಂಗ್ ಐದು ನಕ್ಷತ್ರ ಕೊಟ್ಟ. ಜಾನ್ ಟೈನನ್ ಒಂದನ್ನೂ ಕೊಡಲಿಲ್ಲ. ಸರಾಸರಿ ಎರಡೂವರೆ ಎಂದು ಲೆಕ್ಕ ಹಾಕುವವನು ಗಣಿತಜ್ಞನೇ ಹೊರತು ರಸಿಕನಲ್ಲ. ಫ್ರಾನ್ಸಿನಲ್ಲಂತೂ ಬೀಬಾಪ್ ಎಂಬ ಆಗಿನ ಹೊಸ ಶೈಲಿ ಜಾಝೇ ಅಲ್ಲ ಎಂದ ಉಗ್ ಪನಾಸಿಯೆ, ಹೌದೆಂದ ಶಾರ್ಲ್ ದೆಲೋನೆ ಇಬ್ಬರ ಜಗಳದಲ್ಲಿ 1947ರಲ್ಲಿ ಅಲ್ಲಿನ ಜಾಝ್ ರಸಿಕರ ಸಂಘವಾದ ಹಾಟ್ ಕ್ಲಬ್ಬೇ ಒಡೆಯಿತು. ಜರ್ಮನ್ ತತ್ತ್ವಜ್ಞಾನಿ ಅಡೋರ್ನೊ 1936ರಲ್ಲಿ ಜಾಝನ್ನೇ ಇಡಿಯಾಗಿ ಖಂಡಿಸಿ ಬರೆದ. ಹಾಕಿದ ಗುಪ್ತನಾಮ ಹೆಕ್ಟರ್ ರಾಟ್‌ವೈಲರ್. ಬೊಗಳುವುದಕ್ಕೆ ಇಷ್ಟು ತಕ್ಕ ಹೆಸರು ಮೀಮಾಂಸಾಪ್ರಪಂಚದಲ್ಲಿ ಮತ್ತೊಂದಿಲ್ಲ. ಉಳಿದ ಆಪ್ತರನ್ನು ವಿಸ್ತರಭಯದಿಂದ ಕೈಬಿಡಲಾಗಿದೆ.

ಒಂದು ಅಪವಾದವನ್ನು ಹೇಳಲೇಬೇಕು. ಜಪಾನಿನಲ್ಲಿ ಜಾಝ್ ಕಿಸ್ಸಾ ಎಂಬ ಕಾಫಿ ಅಂಗಡಿಗಳಿವೆ. ಯೊಕೊಹಾಮಾದ ಚಿಗುಸಾ 1933ರಷ್ಟು ಹಳೆಯದು. ಎಲ್‌ಪಿ ಕಾಲದ ಎಷ್ಟೋ ಕಿಸ್ಸಾಗಳಲ್ಲಿ ಮಾತೇ ನಿಷಿದ್ಧವಾಗಿತ್ತು. ಒಂದು ಲೋಟ ಕಾಫಿಗೆ ಗಂಟೆಗಟ್ಟಲೆ ಕೂತು ಕೇಳಬಹುದಿತ್ತು, ಆದರೆ ಅಭಿಪ್ರಾಯ ಹೇಳುವಂತಿರಲಿಲ್ಲ! ಬಾಯಿ ಕಟ್ಟಿದ ಅಲ್ಲಿನ ರಸಿಕರು ಹುಬ್ಬಿನಿಂದ ವಾದಿಸುವ ಕಲೆಯನ್ನು ಬೆಳೆಸಿಕೊಂಡರೆಂಬುದು ನಮ್ಮ ಊಹೆ. ಭರತನ ನಾಟ್ಯಶಾಸ್ತ್ರದಲ್ಲಿ ಭ್ರೂಕರ್ಮಗಳ ವಿವರಣೆ ಇರುವುದರಿಂದ, ಇದು ಪ್ರತ್ಯೇಕ ಪಿಎಚ್.ಡಿ.ಗೆ ತಕ್ಕ ವಸ್ತು.

ಕನ್ನಡ ನಾಡಿನ ಸಂಬಂಧ ತೋರಿಸದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪನಿಗೆ ಅವನಣ್ಣ ಒಮ್ಮೆ ತಮಾಷೆಗೆಂದು, ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರ ಆಲ್ಬಮ್ ಕೊಟ್ಟ. ತಮ್ಮ ನಗಲಿಲ್ಲ, ಕೇಳಿದ. ಮುಂದೆ ಇಬ್ಬರೂ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಅಭಿಪ್ರಾಯವಿಲ್ಲದೆ ಮೊದಲು ಕೇಳಿಬಿಟ್ಟ ಈ ಪ್ರಕರಣ ನಮ್ಮ ಪ್ರತಿಜ್ಞೆಗೆ ವಿರುದ್ಧವಾದ್ದರಿಂದ ಇದನ್ನು ಪರಿಗಣಿಸಿಲ್ಲ.

ಸಕಲ ರಸಿಕರಲ್ಲಿ ಉತ್ತಮಾಧಿಕಾರಿ ಡೀನ್ ಬೆನೆಡೆಟ್ಟಿ. 1947, 1948ರಲ್ಲಿ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕ್ಲಬ್ಬುಗಳಿಗೆ ಯಂತ್ರ ಹೊತ್ತು ಹೋಗಿ ಮುದ್ರಿಸಿದ. ಪಾರ್ಕರ್ ಶುರು ಮಾಡಿದರೆ ಯಂತ್ರ ಚಾಲೂ, ಬೇರೆಯವರ ಸರದಿ ಬಂದರೆ ಬಂದ್. ಪಕ್ಕದಲ್ಲಿ ಟ್ರಂಪೆಟ್ಟಿನವನು ಪ್ರಾಣ ಬಿಟ್ಟು ಊದುತ್ತಿದ್ದರೂ ಆ ಗುಂಡಿಯೇ ಅವನ ಕುರಿತ ವಿಮರ್ಶೆ. ಇಲ್ಲವೇ ಇಲ್ಲವೇನೋ ಎಂಬಷ್ಟು ಕಾಲ ದಂತಕಥೆಯಾಗಿದ್ದ ಆ ಮುದ್ರಣಗಳನ್ನು ಮೊಸಾಯಿಕ್ ಕಂಪನಿ 1990ರಲ್ಲಿ ಏಳು ಸಿ.ಡಿ.ಗಳಾಗಿ ತಂದಿತು. ಬಹುಪಾಲು ಆರಂಭವೂ ಇಲ್ಲದ, ಮುಕ್ತಾಯವೂ ಇಲ್ಲದ ತುಣುಕುಗಳು. ರಸಿಕರು ಮುಗಿಬಿದ್ದು ಕೊಂಡರು.

ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದುವವನಿಗೆ ರದ್ದಿ ಅಂಗಡಿಯಲ್ಲಿ ಗೀರಿಲ್ಲದ 'ಟ್ರೂ ಬ್ಲೂ' ದೊರೆಯುವುದು. ಅದರ ಬೆಲೆಯನ್ನು ಮನೆಯಲ್ಲಿ ಯಾರೂ ಕೇಳರು. ನೆಂಟರು ತಟ್ಟೆಯ ಮೇಲೆ ಕಾಫಿ ಲೋಟ ಇಡರು. ಓದಿದ್ದನ್ನು ಇನ್ನೊಬ್ಬ ರಸಿಕನಿಗೆ ಕೇಳಿಸುವವನಿಗೆ ಇದರ ಇಮ್ಮಡಿ ಫಲ, ಜೊತೆಗೆ ಎರಡನೇ ಅಧ್ಯಾಯ ಅಷ್ಟಕ್ಕಷ್ಟೆ ಎಂಬ ಉತ್ತರ.